ಸುಮ್ಮನೆ ನಿಂತು ನೋಡುವ ಕೆಲಸ

ಮೇವಿನಕ್ಕ ಯಾರ ಮನೆಯಂಗಳಕ್ಕೆ ಕಾಲಿಟ್ಟರೂ ಮೊದಲು ಹೊರಗೆ ಬರುವುದು ಕುರ್ಚಿ. ಪ್ಲಾಸ್ಟಿಕ್ಕಿನದೋ ಮರದ್ದೋ, ಅಂತೂ ಒಂದು ಕುರ್ಚಿ. ಅದರ ಹಿಂದೆ ಮನೆಯ ಗಂಡಸು, ಅವನ ಹಿಂದೆ ಪಕ್ಕದ ಮನೆಯ ಗಂಡಸು. ಅವಳು ಕುಳಿತು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮಾತು ಶುರು ಮಾಡಿದ ಮೇಲೆ ಒಳಗಿನಿಂದ ಒಂದು ಕೈ ಬಾಗಿಲಿನಾಚೆಗೆ ಚಾಚಿ ಟೀ ಲೋಟ ಕೊಡುತ್ತದೆ. ಆ ಕೈ ಯಾರದು ಎಂದು ನೋಡುವಷ್ಟು ಹೊತ್ತು ಬಾಗಿಲು ತೆರೆದಿರುವುದಿಲ್ಲ.

ಅವಳದು ಹಾಲಿನ ಕೇಂದ್ರದ ಕೆಲಸ. ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ದನಕರು, ಬೆಳೆ, ಹುಳುಹುಪ್ಪಟೆಗಳ ಬಗ್ಗೆ ರೈತರಿಗೆ ಸಲಹೆ ಕೊಡಬೇಕು. ಸೇರಿದ ಹೊಸದರಲ್ಲಿ ಹೋದಲ್ಲೆಲ್ಲ "ಮೇವು ಏನು ಹಾಕ್ತೀರಿ?" ಎಂದೇ ಮಾತು ತೆಗೆಯುತ್ತಿದ್ದಳು. ಮೇವಿನಕ್ಕ ಎಂಬ ಹೆಸರು ಆಗ ಅಂಟಿಕೊಂಡದ್ದು ಇನ್ನೂ ಬಿಟ್ಟಿಲ್ಲ. ಜೋಳದ ಸುಳಿ ಬಿಡಿಸಿ ಒಳಗೆ ಕೂತ ಹುಳುವನ್ನು ತೋರಿಸುತ್ತಾಳೆ. "ಬಿಸಿಲೇರಿದ ಮೇಲೆ ಹೊಡೆದ್ರೆ ಔಷಧಿ ದಂಡ, ಅದು ಒಳಗೆ ಮಲಗಿರುತ್ತೆ. ಬೆಳಗ್ಗೆ ಬೇಗ ಹೊಡೀರಿ, ಇಲ್ಲ ಸಂಜೆ. ಸುಳಿಯೊಳಗೇ ಬೀಳಬೇಕು" ಎನ್ನುತ್ತಾಳೆ. ಹಸುವಿನ ಮೈಯಿಂದ ರಕ್ತ ಹೀರುವ ಉಣ್ಣೆಹುಳು ಕಿತ್ತು ಕಿತ್ತು ಬೇಸತ್ತವರಿಗೆ, ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಕಡ್ಡಿಯಾಡಿಸಿ ತೋರಿಸುತ್ತಾಳೆ. "ನೋಡಿ, ಸಂಸಾರ ಇರೋದು ಇಲ್ಲಿ. ಹಸು ಮೈಮೇಲೆ ಬರೋದು ಊಟಕ್ಕೆ ಮಾತ್ರ." ಗಂಡಸರು ನಗುತ್ತಾರೆ. ನಕ್ಕ ಮಾತು ಮರೆತುಹೋಗುವುದಿಲ್ಲ ಎಂಬುದು ಅವಳ ನಂಬಿಕೆ.

ಅವಳೂ ಒಂದು ಕಾಲದಲ್ಲಿ ಹಾಲಿನ ಕ್ಯಾನ್ ಹಿಡಿದು ಕೇಂದ್ರದ ಸಾಲಿನಲ್ಲಿ ನಿಲ್ಲುತ್ತಿದ್ದ ಸೊಸೆಯೇ. ಈ ಕೆಲಸಕ್ಕೆ ಒಬ್ಬ ಹೆಂಗಸನ್ನು ತೆಗೆದುಕೊಳ್ಳಲೇಬೇಕು ಎಂದು ಮೇಲಿನಿಂದ ಆದೇಶ ಬಂದಾಗ, ಕೇಂದ್ರದ ಕಾರ್ಯದರ್ಶಿ ಸಾಲಿನ ಕಡೆ ತಿರುಗಿ "ಓದುಬರಹ ಬರೋರು ಯಾರಾದ್ರೂ ಇದೀರೇನಮ್ಮ?" ಎಂದು ಕೇಳಿದ. ಅವಳು ಕ್ಯಾನ್ ಕೆಳಗಿಟ್ಟು ಕೈ ಎತ್ತಿದಳು. ಗಂಡ ಅಡ್ಡಿ ಹೇಳಲಿಲ್ಲ. ಅವನು ವೈರಿಂಗ್ ಕೆಲಸದವನು, ಒಳ್ಳೆಯ ಮನುಷ್ಯ. ಊರಿನ ಮನೆಗಳಿಗೆಲ್ಲ ದೀಪ ಹಾಕಿ ಬರುತ್ತಾನೆ, ತನ್ನದೇ ಅಡುಗೆಮನೆಯ ಸ್ವಿಚ್ ಎಲ್ಲಿದೆ ಎಂದು ಹೆಂಡತಿಯನ್ನು ಕೇಳುತ್ತಾನೆ. ಹಾಗಾಗಿ ಅವಳು ಬೆಳಗ್ಗೆ ಸ್ಕೂಟರ್ ಹತ್ತುವ ಹೊತ್ತಿಗೆ ಒಂದು ದಿನದ ಕೆಲಸ ಮುಗಿಸಿರುತ್ತಾಳೆ, ಸಂಜೆ ಇಳಿಯುವ ಹೊತ್ತಿಗೆ ಇನ್ನೊಂದು ದಿನದ ಕೆಲಸ ಕಾದಿರುತ್ತದೆ. ಅಂಗಳದಲ್ಲಿ ಯಾರಾದರೂ ಕುರ್ಚಿ ಹಾಕಿದರೆ ಬೇಡ ಎನ್ನುವುದಿಲ್ಲ. ದಿನದಲ್ಲಿ ಅವಳು ಕೂರುವುದು ಅಲ್ಲಿ ಮಾತ್ರ.

ಆ ಬೆಳಗ್ಗೆ ಅವಳು ಮೂಲೆಮನೆಗೆ ಹೋದದ್ದು ಉಣ್ಣೆಯ ಔಷಧಿ ಕೊಡಲು. ತಾಯಿ, ಮಗ, ಸೊಸೆ, ಎರಡು ಹಸು. ಇಷ್ಟೇ ಆ ಸಂಸಾರ. ಮಗ ಕುರ್ಚಿ ತಂದಿಟ್ಟು ತಾನು ಜಗಲಿಯ ಅಂಚಿಗೆ ಕುಳಿತ, ಎದುರುಮನೆಯವನೂ ಬಂದು ಪಕ್ಕದಲ್ಲಿ ಕೂತ. ತಾಯಿ ಮೊರದಲ್ಲಿ ಕಾಳು ಆರಿಸುತ್ತ ಒಳಬಾಗಿಲ ಪಕ್ಕದಲ್ಲಿದ್ದಳು.

"ಒಂದೇ ಹಸುವಿಗೆ ಸಾಕು ಅಕ್ಕ ಔಷಧಿ" ಎಂದ ಮಗ. "ಕರಿಮೂತೀನ ಕೊಟ್ಟುಬಿಡ್ತಿದೀವಿ."

"ಕೊಟ್ಟುಬಿಡೋದಾ? ಯಾಕಪ್ಪ?"

"ಗೊಡ್ಡು ಬಿದ್ದಿದೆ. ಹಾಕಿದ್ದು ಒಂದೇ ಕರು. ಆಮೇಲೆ ಸೂಜಿಯಣ್ಣನ್ನ ಕರೆಸಿ ಕರೆಸಿ ಸಾಕಾಯ್ತು. ಪ್ರತಿ ಸಲ ಹಾಕಿಸ್ತೀನಿ, ಮೂರು ವಾರಕ್ಕೆ ಮತ್ತೆ ಅದೇ ರಾಗ. ಹಾಲೂ ಇಳಿದುಹೋಯ್ತು, ಗಬ್ಬಾನೂ ಇಲ್ಲ. ಮುಂದಿನ ಸಂತೆಗೆ ದಲ್ಲಾಳಿ ಬರ್ತೀನಿ ಅಂದಿದಾನೆ."

ಸೂಜಿಯಣ್ಣ ಎಂದರೆ ಹಸುಗಳಿಗೆ ಗಬ್ಬ ಕಟ್ಟಿಸಲು ಬೈಕಿನಲ್ಲಿ ಬರುವವನು. ಹಿಂದೆ ಹೋರಿ ಮಾಡುತ್ತಿದ್ದ ಕೆಲಸವನ್ನು ಈಗ ಇವನು ಒಂದು ಉದ್ದ ಕಡ್ಡಿಯಿಂದ ಮಾಡಿ ಮುಗಿಸುತ್ತಾನೆ. ಬೈಕಿನ ಹಿಂದೆ ಕಟ್ಟಿದ ಡಬ್ಬಿಯ ಮುಚ್ಚಳ ತೆಗೆದರೆ ಬಿಳಿಯ ತಣ್ಣನೆ ಹೊಗೆ ಏಳುತ್ತದೆ. ಅವನ ಕೈ ಕೆಟ್ಟದ್ದೇನಲ್ಲ. ಸುತ್ತಲಿನ ಎಷ್ಟೋ ಕೊಟ್ಟಿಗೆಗಳ ಕರುಗಳೇ ಅದಕ್ಕೆ ಸಾಕ್ಷಿ.

"ಅದು ಬೆದೆಗೆ ಬರೋದು ಯಾವಾಗ, ನೀನು ಅವನನ್ನ ಕರೆಸೋದು ಯಾವಾಗ?" ಮೇವಿನಕ್ಕ ಕೇಳಿದಳು.

"ಬೆಳಗ್ಗೆ ಬರುತ್ತೆ. ಮಧ್ಯಾಹ್ನಕ್ಕೆ ಕರೆಸಿಬಿಡ್ತೀನಿ. ತಡ ಮಾಡಬೇಡಿ ಅಂತ ನೀವೇ ಹೇಳಿಲ್ವಾ?"

ಒಳಗೆ ಅಡುಗೆಮನೆಯಲ್ಲಿ ಪಾತ್ರೆಯೊಂದು ಸದ್ದು ಮಾಡಿತು. ಕೈತಪ್ಪಿ ಬಿದ್ದದ್ದಲ್ಲ. ಬಿದ್ದ ಪಾತ್ರೆ ಸ್ವಲ್ಪ ಹೊತ್ತು ಉರುಳಾಡುತ್ತದೆ. ಇದು ಕುಕ್ಕಿದ ಪಾತ್ರೆ, ಒಂದೇ ಸದ್ದಿಗೆ ಸುಮ್ಮನಾಯಿತು. ಈ ವ್ಯತ್ಯಾಸ ಮೇವಿನಕ್ಕನಿಗೆ ಚೆನ್ನಾಗಿ ಗೊತ್ತು. ತನ್ನ ಮನೆಯಲ್ಲಿ ಅವಳೂ ಎಷ್ಟೋ ಉತ್ತರಗಳನ್ನು ಪಾತ್ರೆಯ ಬಾಯಿಂದಲೇ ಹೇಳಿಸಿದ್ದಾಳೆ.

"ಕೈ ತೊಳ್ಕೊಂಡು ಬರ್ತೀನಿ" ಎಂದು ಎದ್ದು ಮನೆಯೊಳಗಿನಿಂದ ಹಿತ್ತಿಲಿಗೆ ನಡೆದಳು.

ಸೊಸೆ ಹಾಲಿನ ಪಾತ್ರೆಗಳನ್ನು ತೊಳೆಯಲು ತಂದು ಹಿತ್ತಿಲ ಕಲ್ಲಿನ ಮೇಲೆ ಹರಡಿದ್ದಳು. ಆಚೆಗೆ ಕೊಟ್ಟಿಗೆ. ಕಂದು ಬಣ್ಣದ ಮೈ, ಮಸಿ ಹಚ್ಚಿದಂಥ ಮೂತಿಯ ಎಳೆಯ ಹಸು ಇವರ ಕಡೆಗೇ ನೋಡುತ್ತಿತ್ತು.

"ಪಾತ್ರೆ ಏನು ತಪ್ಪು ಮಾಡಿತ್ತಮ್ಮ?"

ಸೊಸೆ ತಲೆ ಎತ್ತಲಿಲ್ಲ. "ಅಕ್ಕ, ಅದು ಆ ಬೆಳಗ್ಗೆ ಬಂದಿದ್ದಲ್ಲ" ಎಂದಳು. "ಹಿಂದಿನ ದಿನಾನೇ ಬಂದಿರುತ್ತೆ. ಹಾಲು ಕರೆಯೋಕೆ ಕೂತ ತಕ್ಷಣ ನಂಗೆ ಗೊತ್ತಾಗುತ್ತೆ. ಕಾಲು ನಿಲ್ಲಲ್ಲ, ಹಾಲು ಇಳಿಸಲ್ಲ, ಸುಮ್ಮಸುಮ್ಮನೆ ಕೂಗುತ್ತೆ."

"ಮತ್ತೆ ಹೇಳಬಾರದಾ?"

"ಹೇಳ್ತೀನಲ್ಲ."

"ಯಾರಿಗೆ?"

"ಅತ್ತೆಗೆ."

ಆಮೇಲಿನದನ್ನು ಮೇವಿನಕ್ಕ ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಸೊಸೆ ಅತ್ತೆಗೆ ಹೇಳುವುದು "ಹಸು ಒಂಥರಾ ಆಡ್ತಿದೆ" ಎಂದು. ಅತ್ತೆಗೆ ಅರ್ಥವಾಗುತ್ತದೆ. ಆದರೆ ಮಗ ತಿಂಡಿಗೆ ಕೂತಿರುತ್ತಾನೆ, ತಟ್ಟೆಯ ಮುಂದೆ ಅಂಥ ಮಾತು ಆಡಬಾರದು. ತಿಂದವನು ಕೈ ತೊಳೆದು ಹೊಲಕ್ಕೆ ಹೋಗಿಬಿಡುತ್ತಾನೆ. ಸಂಜೆ ಸುಸ್ತಾಗಿ ಬರುತ್ತಾನೆ, ಬಂದ ಕೂಡಲೇ ಹೇಳುವುದು ಬೇಡ. ಊಟವಾಗಿ, ಅವನು ಹಾಸಿಗೆ ಬಿಚ್ಚುವಾಗ ಅತ್ತೆ "ಹಸು ಕಡೆ ಸ್ವಲ್ಪ ನೋಡಪ್ಪ" ಎನ್ನುತ್ತಾಳೆ. ಅವನು ಬೆಳಗ್ಗೆ ಎದ್ದು ನೋಡುತ್ತಾನೆ. ಹಸು ಇನ್ನೂ ಸ್ವಲ್ಪ ಚಡಪಡಿಸುತ್ತಿರುತ್ತದೆ. ಅವನ ಮಟ್ಟಿಗೆ ಅದು ಬೆದೆಗೆ ಬಂದದ್ದು ಆಗಲೇ. ಸೂಜಿಯಣ್ಣ ಕೇಳಿದರೆ ಅದನ್ನೇ ಹೇಳುತ್ತಾನೆ. ಅವನು ಮಧ್ಯಾಹ್ನ ಬಂದು ಡಬ್ಬಿ ತೆಗೆಯುವ ಹೊತ್ತಿಗೆ ಕರಿಮೂತಿಯ ಹೊತ್ತು ಮುಗಿದಿರುತ್ತದೆ.

ಯಾರೂ ಸುಳ್ಳು ಹೇಳಿರಲಿಲ್ಲ. ಕೊಟ್ಟಿಗೆಯಿಂದ ಜಗಲಿಗೆ ಮಾತು ಬರುವಷ್ಟರಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದುಹೋಗುತ್ತಿತ್ತು, ಅಷ್ಟೇ. ಹಸುವಿಗೆ ಮಾತ್ರ ಗೊಡ್ಡು ಎಂಬ ಹೆಸರು ಬಂತು.

"ನಿಮ್ಮನೆಯವರಿಗೆ ನೀನೇ ನೇರವಾಗಿ ಹೇಳಬಾರದಾ?"

"ಅತ್ತೆ ಇರೋವಾಗ? ಆ ಮಾತನ್ನಾ?"

"ಹೋಗ್ಲಿ, ಸೂಜಿಯಣ್ಣನಿಗೆ ಫೋನ್ ಮಾಡು."

ಸೊಸೆ ಹೌಹಾರಿದಳು. "ಪರ ಗಂಡಸಿಗೆ ಫೋನ್ ಮಾಡಿ, ಹಸು ಹಿಂಗಾಗಿದೆ ಬಾ ಅಂತ ಕರೆಯೋದಾ? ಆಮೇಲೆ ನಾನು ಬೀದೀಲಿ ತಲೆ ಎತ್ತಿಕೊಂಡು ಓಡಾಡೋದು ಬೇಡ್ವಾ ಅಕ್ಕ?"

ಮೇವಿನಕ್ಕನಿಗೆ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. 'ಬೆಳಗ್ಗೆ ಬೆದೆ ಕಂಡರೆ ಅದೇ ಸಂಜೆ ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಹಾಕಿಸಿ' ಎಂದು ಅವಳು ಅಂಗಳ ಅಂಗಳಗಳಲ್ಲಿ ಹೇಳುತ್ತಲೇ ಬಂದಿದ್ದಳು. ಕೇಳಿದವರು ಹಸುವಿನ ಪಕ್ಕ ಹಾಲು ಕರೆಯಲು ಕೂರುವವರಲ್ಲ. ಹಸುವಿನ ಪಕ್ಕ ಕೂರುವವರು ಆ ಹೊತ್ತಿಗೆ ಅವಳಿಗಾಗಿಯೇ ಟೀ ಕುದಿಸುತ್ತಿದ್ದರು.

ಸೊಸೆ ಎದ್ದು ಹೋಗಿ ಹಸುವಿನ ಕುತ್ತಿಗೆಯ ಮಡಿಕೆಗಳನ್ನು ಕೆರೆದಳು. "ಇದು ಹುಟ್ಟಿದ ದಿನಾನೇ ಇದರ ತಾಯಿ ಹೋಯ್ತು. ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದು ನಾನು. ಆಗಿನ್ನೂ ಈ ಮನೆಗೆ ಬಂದ ಹೊಸತು. ನನ್ನ ಮಾತು ಕೇಳೋದು ಇದೊಂದೇ ಆಗಿತ್ತು. ಗೊಡ್ಡು ಹಸೂನ ದಲ್ಲಾಳಿ ಸಾಕೋಕೆ ಒಯ್ಯಲ್ಲ ಅಕ್ಕ. ಎಲ್ಲಿಗೆ ಒಯ್ತಾನೆ ಅಂತ ನಂಗೂ ಗೊತ್ತು, ನಿಮಗೂ ಗೊತ್ತು."

ಮೇವಿನಕ್ಕ ಕೈ ತೊಳೆಯುವುದನ್ನು ಮರೆತೇ ಅಂಗಳಕ್ಕೆ ಮರಳಿದಳು. ಕೂರಲಿಲ್ಲ.

"ಇನ್ನೊಂದು ಸುತ್ತು ನೋಡಪ್ಪ. ಒಂದೇ ಒಂದು. ಹಸುವಿಗೆ ಏನೂ ಆಗಿಲ್ಲ, ಹೊತ್ತು ತಪ್ತಿದೆ."

ಮಗನಿಗೆ ಹಸುವಿನ ಮೇಲೆ ಹಗೆಯೇನೂ ಇರಲಿಲ್ಲ. ಮೇವು ಹೊಂದಿಸುವುದು ಅವನ ಕೆಲಸ, ಅವನ ತಲೆನೋವು. ತಲೆ ಕೆರೆದುಕೊಂಡು, "ಆಯ್ತು, ದಲ್ಲಾಳಿಗೆ ಆಮೇಲೆ ಬಾ ಅಂತೀನಿ. ಆದ್ರೆ ಇದೇ ಕೊನೆ ಅಕ್ಕ. ಇದೂ ತಪ್ಪಿದ್ರೆ ನೀವು ಮಧ್ಯೆ ಬರಬೇಡಿ" ಎಂದ.

"ಬರಲ್ಲ. ಈಗ ಕೇಳು. ಬೆಳಗ್ಗೆ, ಸಂಜೆ ಎರಡು ಹೊತ್ತೂ ಎರಡೂ ಹಸುಗಳ ಹಗ್ಗ ಬಿಚ್ಚಿ ಹಿತ್ತಿಲಲ್ಲಿ ಬಿಡಬೇಕು. ಕಟ್ಟಿಹಾಕಿದ ಹಸು ಬೆದೇನ ತೋರಿಸಲ್ಲ. ಬಿಟ್ಟು, ಅರ್ಧ ಗಂಟೆ ನಿಂತು ನೋಡಬೇಕು."

"ಅದಕ್ಕೇನಂತೆ, ಇವಳು ನೋಡ್ತಾಳೆ."

"ನೋಡ್ತಾಳೆ. ಆದ್ರೆ ಸಗಣಿ ಬಾಚ್ತಾ, ನೀರು ಹೊರ್ತಾ, ಒಲೆ ಕಡೆ ಓಡ್ತಾ ನೋಡೋದಲ್ಲ. ಸುಮ್ಮನೆ ನಿಂತು ನೋಡಬೇಕು. ಆ ಅರ್ಧ ಗಂಟೆ ಸಗಣಿ ಯಾರು ಬಾಚ್ತಾರೆ?"

ಎದುರುಮನೆಯವನು ತನಗೇನೋ ಕೆಲಸ ನೆನಪಾದವನಂತೆ ಎದ್ದು ಹೋದ. ಅತ್ತೆಯ ಮೊರ ನಿಂತಿತು.

"ಸೊಸೆ ಕೈಕಟ್ಟಿ ನಿಲ್ಲೋದು, ಮಗ ಸಗಣಿ ಬಾಚೋದು!" ಎಂದಳು ಅತ್ತೆ. "ಚೆನ್ನಾಗಿದೆ ಕಣಮ್ಮ ನಿಮ್ಮ ವಿಜ್ಞಾನ."

"ಮೂರು ವಾರದ ಮಾತಮ್ಮ. ಹಸು ಉಳಿದ್ರೆ ಹಾಲು ನಿಮ್ಮನೆಗೇ ತಾನೇ?" ಮೇವಿನಕ್ಕ ನಗುತ್ತ ಅತ್ತೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಅವಳ ಗುಂಡಿಯ ಫೋನು ಇಸಿದುಕೊಂಡು ಸೂಜಿಯಣ್ಣನ ನಂಬರನ್ನು ಅದರಲ್ಲಿ ಹಾಕಿಕೊಟ್ಟಳು. "ಎರಡನೇ ಗುಂಡಿ ಒತ್ತಿ ಹಿಡಿದ್ರೆ ಅವನಿಗೇ ಹೋಗುತ್ತೆ."

"ನಾನ್ಯಾಕೆ ಒತ್ತಲಿ?" ಎಂದಳು ಅತ್ತೆ. ಆದರೂ ಎರಡನೇ ಗುಂಡಿ ಯಾವುದೆಂದು ನೋಡಿಟ್ಟುಕೊಂಡಳು.

ಮೊದಮೊದಲು ಸೊಸೆಗೆ ನಿಲ್ಲಲಾಗಲಿಲ್ಲ. ಆ ಮನೆಗೆ ಬಂದ ಮೇಲೆ ಕೈಯಲ್ಲಿ ಏನೂ ಇಲ್ಲದೆ ಅವಳು ನಿಂತದ್ದು ಮದುವೆಯ ಫೋಟೋದಲ್ಲಿ ಮಾತ್ರ. ಹಿತ್ತಿಲಲ್ಲಿ ಹಸುಗಳನ್ನು ಬಿಟ್ಟ ಕೂಡಲೇ ಕೈ ತಾನಾಗಿ ಪೊರಕೆಯ ಕಡೆಗೆ ಹೋಗುತ್ತಿತ್ತು. ಒಂದು ದಿನ ಕಳೆ ಕಿತ್ತಳು, ಇನ್ನೊಂದು ದಿನ ಬೇಲಿಯ ಮೇಲಿನ ಬಟ್ಟೆ ಮಡಚಿದಳು. ಎರಡು ದಿನಕ್ಕೊಮ್ಮೆ ಸ್ಕೂಟರ್ ನಿಲ್ಲಿಸಿ ಹೋಗುತ್ತಿದ್ದ ಮೇವಿನಕ್ಕ ಬೇಲಿಯಾಚೆಯಿಂದ ಗದರುತ್ತಿದ್ದಳು: "ಕೈ ಹಿಂದೆ ಕಟ್ಕೋ! ಶಾಲೇಲಿ ನಿಲ್ಲಿಸ್ತಿದ್ರಲ್ಲ, ಹಾಗೆ."

ಸೊಸೆಯ ಗಂಡ ಸಗಣಿ ಬಾಚಿದ. ಮೊದಲ ದಿನ ಗೊಬ್ಬರದ ಗುಂಡಿಗೆ ಹೋಗುವ ದಾರಿಯುದ್ದಕ್ಕೂ ಅರ್ಧ ಬುಟ್ಟಿ ಚೆಲ್ಲಿಕೊಂಡು ಹೋದ. ಎದುರುಮನೆಯವನು ಹಲ್ಲುಜ್ಜುತ್ತ ಗೇಟಿಗೆ ಬಂದು "ಏನಪ್ಪಾ, ಬಡ್ತಿ ಸಿಕ್ಕಿದ ಹಾಗಿದೆ?" ಎಂದ.

"ಸಿಕ್ಕಿದೆ. ಒಬ್ಬ ಸಹಾಯಕ ಬೇಕಾಗಿದಾನೆ, ಬರ್ತೀಯಾ?" ಎಂದ ಗಂಡ. ನಾಲ್ಕು ದಿನ ಕಳೆಯುವಷ್ಟರಲ್ಲಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡರೆ ಚೆಲ್ಲುವುದಿಲ್ಲ ಎಂದು ಕಂಡುಕೊಂಡ, ಹೆಂಡತಿಗೆ ಅದನ್ನು ಹೊಸ ಸಂಗತಿಯೆಂಬಂತೆ ಹೇಳಿಯೂ ಹೇಳಿದ. ಅವಳು "ಹೌದಾ?" ಎಂದಳು.

ನಿಲ್ಲುವುದು ರೂಢಿಯಾದ ಮೇಲೆ ಸೊಸೆಗೆ ಕಾಣತೊಡಗಿದ ಸಂಗತಿಗಳೇ ಬೇರೆ. ದೊಡ್ಡ ಹಸು ನೀರಿಗೆ ಕರಿಮೂತಿಯನ್ನು ಹತ್ತಿರ ಬಿಡುವುದಿಲ್ಲ. ಕರಿಮೂತಿ ಹಿಂದಿನ ಎಡಗಾಲನ್ನು ಸ್ವಲ್ಪ ಎತ್ತಿ ಇಡುತ್ತದೆ, ಗೊರಸು ಬೆಳೆದಿದೆ. ಇದೆಲ್ಲ ದಿನವೂ ಅವಳ ಕಣ್ಣ ಮುಂದೆಯೇ ಇತ್ತು, ಆದರೆ ಅವಳು ಯಾವಾಗಲೂ ಬಗ್ಗಿಕೊಂಡಿರುತ್ತಿದ್ದಳು.

ಒಂದು ಸಂಜೆ ಅತ್ತೆಯೂ ಬಂದು ಪಕ್ಕದಲ್ಲಿ ನಿಂತಳು. ಸೊಸೆ ಸುಮ್ಮನೆ ನಿಂತಿದ್ದಾಳೋ ಇಲ್ಲವೋ ಎಂದು ನೋಡಲು ಬಂದವಳು, ತಾನೂ ನಿಂತುಬಿಟ್ಟಳು.

"ನಮ್ಮ ಕಾಲದಲ್ಲಿ ಈ ರಗಳೆ ಎಲ್ಲಿತ್ತು?" ಎಂದಳು. "ಬೀದಿಗೊಂದು ಹೋರಿ ಇರ್ತಿತ್ತು. ಅದಕ್ಕೆ ಯಾರೂ ಹೇಳಿ ಕಳಿಸಬೇಕಾಗಿರಲಿಲ್ಲ. ವಾಸನೆ ಹಿಡ್ಕೊಂಡು ಬೇಲಿ ಮುರ್ಕೊಂಡು ಬರ್ತಿತ್ತು. ನಾವು ಬಾಯಿ ಬಿಡೋ ಪ್ರಮೇಯಾನೇ ಬರಲಿಲ್ಲ."

"ಸೂಜಿಯಣ್ಣನಿಗೆ ವಾಸನೆ ಗೊತ್ತಾಗಲ್ವಲ್ಲ ಅತ್ತೆ" ಎಂದಳು ಸೊಸೆ.

ಅತ್ತೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಆದರೂ ನಗು ಹೊರಗೆ ಬಂತು.

ಬೆದೆ ಬಂದದ್ದು ಗಂಡ ಮನೆಯಲ್ಲಿ ಇಲ್ಲದ ಸಂಜೆಯೇ. ಔಷಧಿ ಹೊಡೆಯುವ ಪಂಪು ಕೆಟ್ಟಿದೆಯೆಂದು ಪೇಟೆಗೆ ಹೋಗಿದ್ದ. ಹಗ್ಗ ಬಿಚ್ಚಿದ ಸ್ವಲ್ಪ ಹೊತ್ತಿಗೆ ಕರಿಮೂತಿ ಬೇಲಿಗುಂಟ ಓಡಾಡಿತು, ಬಾಲ ಪಕ್ಕಕ್ಕೆ ಸರಿಸಿತು, ಒಮ್ಮೆ ಉದ್ದಕ್ಕೆ ಕೂಗಿತು. ದೊಡ್ಡ ಹಸು ಹಿಂದಿನಿಂದ ಬಂದು ಮುಂಗಾಲೆತ್ತಿ ಅದರ ಬೆನ್ನೇರಿತು. ಕರಿಮೂತಿ ತಪ್ಪಿಸಿಕೊಳ್ಳಲಿಲ್ಲ, ನಿಂತೇ ಇತ್ತು. ಹೀಗೆ ನಿಂತುಕೊಡುವುದೇ ಗಟ್ಟಿ ಗುರುತು ಎಂದು ಮೇವಿನಕ್ಕ ಹೇಳಿದ್ದಳು.

"ಅತ್ತೆ! ಅತ್ತೆ! ಬನ್ನಿ!"

ಗಂಡನ ಫೋನಿಗೆ ಹಚ್ಚಿದರೆ ಎತ್ತಲಿಲ್ಲ. ಪೇಟೆಯ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ. ಅತ್ತೆ ಫೋನನ್ನು ಸೊಸೆಯ ಕೈಗೆ ತುರುಕಿ, "ಎರಡನೇ ಗುಂಡಿ" ಎಂದಳು.

"ನಾನಾ?"

"ಇನ್ನು ನಾನಾ?"

ಸೊಸೆ ಒತ್ತಿ ಹಿಡಿದಳು. ಆಚೆಯಿಂದ ಸೂಜಿಯಣ್ಣನ ಧ್ವನಿ ದೊಡ್ಡದಾಗಿ ಬಂತು. "ಹಲೋ, ಯಾರು?"

"ಅದು... ಮೂಲೆಮನೆಯಿಂದ. ನಮ್ಮ ಹಸು..."

"ಏನಾಗಿದೆ ಹಸುವಿಗೆ?"

"ಅದಕ್ಕೆ... ಹುಷಾರಿಲ್ಲ."

"ಹುಷಾರಿಲ್ಲ ಅಂದ್ರೆ ಡಾಕ್ಟರಿಗೆ ಹೇಳಮ್ಮ. ನಾನು ಬಂದು ಏನು ಮಾಡಲಿ?" ಅವನು ಫೋನಿಟ್ಟುಬಿಟ್ಟ.

ಸೊಸೆ ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತಳು. ಕಣ್ಣಲ್ಲಿ ನೀರು ತುಂಬಿಕೊಂಡಿತು. "ಇದೂ ಹೋಯ್ತು ಅತ್ತೆ. ನನ್ನ ಬಾಯಿಂದಲೇ ಹೋಯ್ತು."

ಅತ್ತೆ ಒಮ್ಮೆ ಹಸುವನ್ನು ನೋಡಿದಳು, ಒಮ್ಮೆ ಸೊಸೆಯನ್ನು. ಫೋನು ಕಿತ್ತುಕೊಂಡು ಗುಂಡಿ ಒತ್ತಿದಳು. ಅವಳಿಗೆ ಕಿವಿ ಸ್ವಲ್ಪ ಮಂದ. ಎದುರಿನವರಿಗೂ ಹಾಗೆಯೇ ಇರಬೇಕೆಂದುಕೊಂಡು ಫೋನಿನಲ್ಲಿ ಯಾವಾಗಲೂ ಕೂಗಿಯೇ ಮಾತಾಡುವವಳು.

"ಏಯ್, ನಾನು ಕಣೋ, ಮೂಲೆಮನೆ ಅಮ್ಮ! ನಮ್ಮ ಹಸು ಬೆದೆಗೆ ಬಂದಿದೆ! ಬೆದೆಗೆ! ಕೇಳಿಸ್ತಾ?"

ಆಚೆಯವನಿಗಷ್ಟೇ ಅಲ್ಲ, ಎದುರುಮನೆಗೂ ಕೇಳಿಸಿತು, ಅದರಾಚೆಯ ಮನೆಗೂ ಕೇಳಿಸಿತು. ಬೇಲಿಯ ಮೇಲಿನಿಂದ ಎರಡು ತಲೆಗಳು ಇಣುಕಿದವು. ಅತ್ತೆ ಆ ಕಡೆ ತಿರುಗಿ, "ಏನು ನೋಡ್ತೀರಿ? ನಿಮ್ಮನೇಲಿ ಹಸು ಇಲ್ವಾ?" ಎಂದಳು. ತಲೆಗಳು ಇಳಿದವು.

"ಯಾವಾಗ ಶುರುವಾಯ್ತಮ್ಮ?" ಸೂಜಿಯಣ್ಣ ಕೇಳುತ್ತಿದ್ದ.

"ಅದೆಲ್ಲ ಇವಳಿಗೆ ಗೊತ್ತು, ತಗೋ." ಫೋನು ಸೊಸೆಯ ಕೈಗೆ ಬಂತು.

ಅಷ್ಟು ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿಹೋಗಿತ್ತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸೊಸೆ ಕಣ್ಣೊರೆಸಿಕೊಂಡಳು. "ಬೆಳಗ್ಗೆ ನಿಂತು ನೋಡಿದಾಗ ಏನೂ ಇರಲಿಲ್ಲ ಅಣ್ಣ. ಈಗಷ್ಟೇ ಶುರುವಾಗಿರೋದು. ಲೋಳೆ ತೆಳ್ಳಗೆ, ಗಾಜಿನ ಥರ ಇದೆ. ದೊಡ್ಡ ಹಸು ಏರಿದ್ರೆ ನಿಂತ್ಕೊಳ್ತಿದೆ."

ಇಷ್ಟು ಸರಿಯಾದ ಸುದ್ದಿ ಅವನಿಗೆ ಆ ಮನೆಯಿಂದ ಯಾವತ್ತೂ ಬಂದಿರಲಿಲ್ಲ. "ಹಾಗಾದ್ರೆ ಈಗ ಬೇಡಮ್ಮ. ನಾಳೆ ಬೆಳಗ್ಗೆ ಬರ್ತೀನಿ."

"ಬೆಳಗ್ಗೆ ಅಂದ್ರೆ ಬೆಳಗ್ಗೆ!" ಅತ್ತೆ ಸೊಸೆಯ ಭುಜದ ಮೇಲಿನಿಂದ ಕೂಗಿದಳು. "ಮಧ್ಯಾಹ್ನ ಬಂದ್ರೆ ಗೇಟೇ ತೆಗೆಯಲ್ಲ!"

ಮರುದಿನ ಅವನು ಹಾಲು ಕರೆಯುವ ಹೊತ್ತಿಗೇ ಬಂದ. "ಅಮ್ಮ, ನಿಮ್ಮ ಹೆದರಿಕೆಗೆ ಟೀ ಕೂಡ ಕುಡಿದಿಲ್ಲ" ಎನ್ನುತ್ತ ಡಬ್ಬಿ ಇಳಿಸಿದ. ಅಭ್ಯಾಸಬಲದಿಂದ ಗಂಡನ ಕಡೆ ತಿರುಗಿ, "ರಾತ್ರಿಯೆಲ್ಲ ಹೇಗಿತ್ತು?" ಎಂದು ಕೇಳಿದ. ಗಂಡ ಬಾಯಿ ತೆರೆದವನು ಹಾಗೆಯೇ ಮುಚ್ಚಿ, ಹೆಂಡತಿಯ ಕಡೆ ಕೈ ತೋರಿಸಿದ.

ಇನ್ನು ಕಾಯುವುದೊಂದೇ ಉಳಿದದ್ದು. ಮೂರು ವಾರಕ್ಕೆ ಮತ್ತೆ ಬೆದೆ ಬಂದರೆ ಎಲ್ಲ ಮುಗಿದ ಹಾಗೆ, ಬರದಿದ್ದರೆ ಆಸೆ. ಮೇವಿನಕ್ಕ ಬೇರೆ ಮನೆಗಳಲ್ಲಿ ಇಲಿಯ ಬಿಲ ಮುಚ್ಚಿಸುತ್ತಿದ್ದರೂ ಮನಸ್ಸು ಮೂಲೆಮನೆಯ ಕೊಟ್ಟಿಗೆಯಲ್ಲಿರುತ್ತಿತ್ತು. ಹಸುವಿಗೆ ಏನೂ ಆಗಿಲ್ಲ ಎಂದು ಬಾಯಿಬಿಟ್ಟು ಹೇಳಿದವಳು ಅವಳೇ. ಒಂದು ಬೆಳಗ್ಗೆ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. "ಯಾವ ಹಸುವಿನ ಯೋಚನೆ?" ಎಂದು ಕೇಳಿದ ಅವಳ ಗಂಡ. ಅವಳು ಹೇಳಿದಳು, ಅವನು ಪೂರ್ತಿ ಕೇಳಿಸಿಕೊಂಡ. ಆ ದಿನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಹೋದ. ಮುಚ್ಚಳ ಮಾತ್ರ ಮನೆಯಲ್ಲೇ ಬಿಟ್ಟಿದ್ದ.

ಮೂರನೆಯ ವಾರ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಅತ್ತೆಯಿಂದ ಫೋನ್ ಬಂತು. "ಕೂಗ್ತಿದೆ ಕಣಮ್ಮ" ಎಂದಳು. ಕೂಗದೆ, ಸಣ್ಣ ಧ್ವನಿಯಲ್ಲಿ ಹೇಳಿದಳು. ಮೇವಿನಕ್ಕ ಸ್ಕೂಟರ್ ತಿರುಗಿಸಿಕೊಂಡು ಬಂದು ನೇರ ಕೊಟ್ಟಿಗೆಗೆ ನುಗ್ಗಿದಳು.

ಸೊಸೆ ಕಂಬಕ್ಕೆ ಒರಗಿ ನಿಂತಿದ್ದಳು. ಕರಿಮೂತಿ ಕುತ್ತಿಗೆ ಚಾಚಿ ಮತ್ತೊಮ್ಮೆ ಕೂಗಿತು. ಗಂಡ ಬಾಗಿಲಲ್ಲಿ ನಿಂತು, "ನಾನೇನು ಮಾಡಲಿ ಅಕ್ಕ, ಕೊನೆ ಅಂದಿದ್ದೆ" ಎಂದ. ಅವನ ಮುಖವೂ ಬಾಡಿತ್ತು.

ಮೇವಿನಕ್ಕ ಬಾಲ ಎತ್ತಿ ನೋಡಿದಳು. ಲೋಳೆ ಇಲ್ಲ, ಊತ ಇಲ್ಲ. ಬೆನ್ನಿನ ಮೇಲೆ ಒತ್ತಿದರೆ ಹಸು ನಿಂತುಕೊಡದೆ ಸರಿದುಹೋಯಿತು. ಕತ್ತೆತ್ತಿ ಮತ್ತೆ ಕೂಗಿತು. ಅದರ ಕಣ್ಣು ಇದ್ದದ್ದು ಮೂಲೆಯ ಬಾನಿಯ ಮೇಲೆ. ಮೇವಿನಕ್ಕ ಹೋಗಿ ಬಗ್ಗಿ ನೋಡಿದಳು.

"ನೀರು ಯಾರು ತುಂಬಿಸ್ತಿರೋದು?"

"ನಾನೇ" ಎಂದ ಗಂಡ. ಬಾನಿಯೊಳಗೆ ಇಣುಕಿ, "ಬೆಳಗ್ಗೆ ಆ ಪಂಪು ಮತ್ತೆ ಕೆಟ್ಟ ಗಲಾಟೇಲಿ..." ಎಂದು ನಾಲಿಗೆ ಕಚ್ಚಿಕೊಂಡ.

"ಬಾಯಾರಿಕೆ ಆಗಿದೆ ಅದಕ್ಕೆ! ಬೆದೆನೂ ಅಲ್ಲ, ಏನೂ ಅಲ್ಲ. ಹೋಗಪ್ಪ, ತಾ ನೀರು!"

ಅವನು ಓಡಿದ. ಎರಡು ಬಕೆಟ್ ನೀರು ಒಂದೇ ಉಸಿರಿಗೆ ಹೀರಿ ಕರಿಮೂತಿ ತಣ್ಣಗಾಯಿತು. ಅತ್ತೆ ಹಣೆ ಚಚ್ಚಿಕೊಂಡಳು. ಸೊಸೆ ಕಂಬ ಬಿಟ್ಟು ನೆಲಕ್ಕೆ ಕುಸಿದು ಕೂತು, ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ ನಗುತ್ತಿದ್ದಳು.

ಆ ವಾರ ಬೆದೆ ಬರಲಿಲ್ಲ, ಮುಂದಿನ ಮೂರು ವಾರಕ್ಕೂ ಬರಲಿಲ್ಲ. ಆದರೂ ಕೈ ಹಾಕಿ ನೋಡುವ ತನಕ ಯಾರೂ ಖಚಿತ ಮಾತಾಡಲಿಲ್ಲ. ದಲ್ಲಾಳಿ ಎರಡು ಸಲ ಫೋನ್ ಮಾಡಿದ, ಗಂಡ ಎರಡು ಸಲವೂ "ಇನ್ನೂ ನೋಡ್ತಿದೀವಿ" ಎಂದ. ಕೊನೆಗೆ ಸೂಜಿಯಣ್ಣ ಭುಜದವರೆಗೆ ಬರುವ ಕೈಗವಸು ಹಾಕಿಕೊಂಡು ಕೊಟ್ಟಿಗೆಗೆ ಇಳಿದ ದಿನ ಮೂವರೂ ಅಲ್ಲಿದ್ದರು. ಮೇವಿನಕ್ಕ ಬೇಕೆಂದೇ ಅದೇ ದಿನ, ಅದೇ ಹೊತ್ತಿಗೆ ಬಂದಿದ್ದಳು.

ಅವನು ಕೈಯನ್ನು ಹಸುವಿನೊಳಗೆ ಬಿಟ್ಟು, ಸೂರಿನತ್ತ ಮುಖವೆತ್ತಿ ಕಣ್ಣು ಮುಚ್ಚಿದ. ಕತ್ತಲೆಯಲ್ಲಿ ಗೂಡಿನ ಮೇಲಿನ ಬೆಂಕಿಪೆಟ್ಟಿಗೆ ತಡಕುವವನ ಮುಖದಂತಿತ್ತು ಅವನ ಮುಖ. ಕರಿಮೂತಿ ಬೇಸರದಿಂದ ಬಾಲ ಬೀಸಿ ಅವನ ಕೆನ್ನೆಗೆ ಬಾರಿಸಿತು. ಅವನು ಅಲುಗಾಡಲಿಲ್ಲ. ಸೊಸೆ ಗೋದಲಿಯ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದಳು.

"ಇದೆ" ಎಂದ.

"ಏನಿದೆ?" ಅತ್ತೆ ಕೇಳಿದಳು.

"ಕರು ಇದೆ ಅಮ್ಮ. ಇಲ್ಲಿ ಇನ್ನೇನಿರುತ್ತೆ?"

ಅತ್ತೆ "ಅಬ್ಬಾ" ಎನ್ನುತ್ತ ಪಕ್ಕದ ಹುಲ್ಲಿನ ಹೊರೆಯ ಮೇಲೆ ಕೂತುಬಿಟ್ಟಳು. ಗಂಡ ಅಲ್ಲೇ ನಿಂತು ಫೋನ್ ತೆಗೆದು ದಲ್ಲಾಳಿಗೆ ಹಚ್ಚಿದ. "ಬರೋದು ಬೇಡ ಕಣಪ್ಪ. ಇಲ್ಲ ಇಲ್ಲ, ರೇಟಿನ ಮಾತಲ್ಲ. ಹಸು ಗಬ್ಬ ಇದೆ. ಹೌದು, ಅದೇ ಹಸು!" ಕೊನೆಯ ಮಾತನ್ನು ತಾಯಿಗಿಂತಲೂ ಜೋರಾಗಿ ಹೇಳಿದ.

ಸೊಸೆ ಗೋದಲಿಯಿಂದ ಕೈ ತೆಗೆದು ನೋಡಿಕೊಂಡಳು. ಅಂಚಿನ ಗುರುತು ಅಂಗೈ ಮೇಲೆ ಕೆಂಪಗೆ ಮೂಡಿತ್ತು. ಅದನ್ನು ಸೀರೆಗೆ ಉಜ್ಜಿಕೊಂಡಳು. ಮೇವಿನಕ್ಕನಿಗೆ ಒಮ್ಮೆಲೇ ಹೊಟ್ಟೆ ಹಸಿಯಿತು. ಬೆಳಗ್ಗೆ ತಿನ್ನದೆ ಬಂದಿದ್ದಳು.

"ಅಕ್ಕ, ಇನ್ನು ಹಿಂಡಿ ಜಾಸ್ತಿ ಮಾಡಲಾ?" ಸೊಸೆ ಕೇಳಿದಳು. "ಹಾಲು ಕರೆಯೋದು ಯಾವಾಗ ನಿಲ್ಲಿಸಬೇಕು?"

"ಈಗಲೇ ಹಿಂಡಿ ಸುರಿಯಬೇಡ. ಹಸಿ ಮೇವು ಇರಲಿ, ಖನಿಜದ ಪುಡಿ ದಿನಾ ಹಾಕು. ಕರು ಹಾಕೋದಕ್ಕೆ ಎರಡು ತಿಂಗಳಿದೆ ಅನ್ನುವಾಗ ಕರೆಯೋದು ನಿಲ್ಲಿಸಿಬಿಡು. ಆಮೇಲೆ ಹಿಂಡಿ ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗು. ಜಾರೋ ನೆಲದ ಮೇಲೆ ಕಟ್ಟಬೇಡಿ. ಆ ಹಿಂದಿನ ಕಾಲಿನ ಗೊರಸು..."

"ಅಕ್ಕ, ಸ್ವಲ್ಪ ನಿಧಾನ" ಎಂದ ಗಂಡ, ಫೋನ್ ಜೇಬಿಗಿಟ್ಟು ಹತ್ತಿರ ಬರುತ್ತ. "ಯಾವ ಕಾಲು ಅಂದ್ರಿ?"

"ಎಡಗಾಲು" ಎಂದಳು ಅವನ ಹೆಂಡತಿ. ಬಗ್ಗಿ ಅದನ್ನು ಎತ್ತಿ ತೋರಿಸಿದಳು. ಕರಿಮೂತಿ ಮೂರು ಕಾಲಿನ ಮೇಲೆ ನಿಂತು, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಮೆಲುಕು ಹಾಕುತ್ತಿತ್ತು.